ಪಳಗಿಸಿದ ಜೀವಿಯೇ ಕರುವಿಗೆ ಕಾವಲು

ಉಣ್ಣೆಯಿಂದ ಹರಡುವ ಥೈಲೇರಿಯಾಸಿಸ್‌ಗೆ ಲಸಿಕೆ ನಮ್ಮ ದೇಶದಲ್ಲೇ ತಯಾರಾಗಿದೆ. ಅದನ್ನು ಕೊಟ್ಟಿಗೆಗೆ ಮುಟ್ಟಿಸುವ ದಾರಿಯೂ ಹಳ್ಳಿಹಳ್ಳಿಗಳಲ್ಲಿದೆ.

ಸೀಮೆಹಸು ಇದ್ದಕ್ಕಿದ್ದಂತೆ ಮೇವು ಬಿಟ್ಟು ಹಾಲು ಇಳಿಸಿದರೆ ಅನುಭವಿ ಪಶುವೈದ್ಯರ ಕೈ ಮೊದಲು ಹೋಗುವುದು ಅದರ ಭುಜದ ಮುಂಭಾಗಕ್ಕೆ. ಅಲ್ಲಿನ ದುಗ್ಧಗ್ರಂಥಿ ಗಟ್ಟಿಯಾಗಿ ಊದಿಕೊಂಡಿದೆಯೇ, ಥರ್ಮಾಮೀಟರ್ 105–106 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದೆಯೇ, ರೆಪ್ಪೆ ಬಿಡಿಸಿದರೆ ಕಣ್ಣಿನ ಒಳಭಾಗ ಬಿಳಿಚಿಕೊಂಡಿದೆಯೇ ಎಂದು ನೋಡುತ್ತಾರೆ. ಮೂರೂ ಹೌದಾದರೆ ಥೈಲೇರಿಯಾಸಿಸ್ ಅನುಮಾನ ಬಲವಾಗುತ್ತದೆ. ಕಿವಿಯಂಚಿನಿಂದ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕೆಂಪು ರಕ್ತಕಣಗಳೊಳಗೆ ಪುಟ್ಟ ಉಂಗುರಗಳು ಕಾಣುತ್ತವೆ. ಅದೇ ರೋಗ ತರುವ ಪರಾವಲಂಬಿ, ಥೈಲೇರಿಯಾ ಅನ್ಯುಲೇಟಾ.

ಇದಕ್ಕೆ ಬುಪಾರ್ವಾಕ್ವೋನ್ ಎಂಬ ಔಷಧಿ ಇದೆ. ಜ್ವರದ ಆರಂಭದಲ್ಲೇ ಕೊಟ್ಟರೆ ಒಳ್ಳೆಯ ಫಲ ಸಿಗುತ್ತದೆ. ಆದರೆ ಅದು ದುಬಾರಿ. ರಕ್ತಹೀನತೆ ವಿಪರೀತವಾದ ಮೇಲೆ ಅದೂ ಕೈಕೊಡಬಹುದು. ಒಂದೆರಡು ಹಸುಗಳ ಹಾಲಿನ ಬಟವಾಡೆಯಲ್ಲೇ ಮಕ್ಕಳ ಶಾಲೆ, ಮನೆ ಖರ್ಚು ತೂಗಿಸುವ ಕುಟುಂಬಕ್ಕೆ ಒಂದು ಹಸು ಸಾಯುವುದೆಂದರೆ ದುಡಿಮೆಯೇ ನಿಂತಂತೆ. ಆದ್ದರಿಂದಲೇ ರೋಗ ಬಾರದಂತೆ ತಡೆಯುವ ಮಾತು ಇಲ್ಲಿ ಇಷ್ಟು ಮುಖ್ಯ.

ಗೋಡೆಯ ಬಿರುಕಿನಲ್ಲಿ ಹಗೆ

ರೋಗ ಹರಡುವುದು ಹಯಲೋಮ ಜಾತಿಯ ಉಣ್ಣೆ. ಮರಿ ಉಣ್ಣೆ ಸೋಂಕಿರುವ ದನದ ರಕ್ತ ಹೀರಿ ಕೆಳಗುದುರುತ್ತದೆ, ಕೊಟ್ಟಿಗೆಯ ಗೋಡೆ, ನೆಲದ ಬಿರುಕುಗಳಲ್ಲಿ ಅಡಗಿ ಪೊರೆ ಕಳಚುತ್ತದೆ. ಬೆಳೆದ ಮೇಲೆ ಮತ್ತೊಂದು ದನಕ್ಕೆ ಕಚ್ಚಿ, ಜೊಲ್ಲಿನ ಮೂಲಕ ಪರಾವಲಂಬಿಯನ್ನು ದಾಟಿಸುತ್ತದೆ. ಮೈಮೇಲಿನ ಉಣ್ಣೆಗೆ ಔಷಧಿ ಹೊಡೆದು, ಗೋಡೆಯ ಬಿರುಕುಗಳನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ.

ತಲೆತಲಾಂತರದಿಂದ ಈ ಉಣ್ಣೆಗಳ ಜೊತೆಗೇ ಬಾಳಿದ ನಾಟಿ ದನಗಳಲ್ಲಿ ರೋಗ ಸಾಮಾನ್ಯವಾಗಿ ಅಷ್ಟು ಉಗ್ರವಾಗುವುದಿಲ್ಲ. ಹಾಲು ಹೆಚ್ಚಲಿ ಎಂದು ತಂದ ಹೋಲ್‌ಸ್ಟೀನ್ ಫ್ರೀಸಿಯನ್, ಜೆರ್ಸಿ ತಳಿಗಳಿಗೂ ಅವುಗಳ ಮಿಶ್ರತಳಿಗೂ ಆ ತಾಳಿಕೆ ಇಲ್ಲ. ಕ್ಷೀರಕ್ರಾಂತಿ ಹಾಲಿನ ಜೊತೆಗೆ ಈ ಹೊಣೆಯನ್ನೂ ನಮ್ಮ ಮೇಲೆ ಹೊರಿಸಿತು.

ಸೊಕ್ಕಡಗಿಸಿದ ಬಗೆ

ರೋಗಾಣುವನ್ನೇ ದುರ್ಬಲಗೊಳಿಸಿ ಲಸಿಕೆ ಮಾಡುವ ಪ್ರಯತ್ನಕ್ಕೆ ಶತಮಾನ ಮೀರಿದ ಚರಿತ್ರೆಯಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1890ರ ದಶಕದಲ್ಲಿ ಉಣ್ಣೆ ಜ್ವರ ದನದ ಮಂದೆಗಳನ್ನೇ ಅಳಿಸುತ್ತಿದ್ದಾಗ, ರೋಗದಿಂದ ಚೇತರಿಸಿಕೊಂಡ ದನದ ರಕ್ತವನ್ನು ಬೇರೆ ದನಗಳಿಗೆ ಚುಚ್ಚಿ ರಕ್ಷಣೆ ಕೊಡುವ ಕ್ರಮ ಬಂತು. ಅದರಲ್ಲಿ ಅಪಾಯ ಇಲ್ಲದಿರಲಿಲ್ಲ. ಗುಲ್ಮ ತೆಗೆದ ಕರುವಿನಿಂದ ಅಂಥದ್ದೇ ಇನ್ನೊಂದು ಕರುವಿಗೆ ಮತ್ತೆ ಮತ್ತೆ ದಾಟಿಸಿದರೆ ಆ ಜ್ವರ ತರುವ ಬೆಬೀಸಿಯಾ ಬೋವಿಸ್ ಪರಾವಲಂಬಿಯ ಉಗ್ರತೆ ತಗ್ಗುತ್ತದೆಂದು 1960ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಕ್ಯಾಲೊ ತೋರಿಸಿದರು. ಬ್ರಿಸ್ಬೇನ್ ಬಳಿಯ ವೇಕಾಲ್ ಕೇಂದ್ರದಲ್ಲಿ ತಯಾರಾದ ಆ ಲಸಿಕೆಯನ್ನು ತಣ್ಣಗಿಟ್ಟು ಕಳಿಸಿದರೆ ಅದರ ಬಾಳಿಕೆ 4 ದಿನ ಮಾತ್ರ. ಅಷ್ಟರೊಳಗೆ ಕರುವಿಗೆ ಚುಚ್ಚಿದರೆ ಸಾಮಾನ್ಯವಾಗಿ ಒಂದೇ ಡೋಸ್ ಬಾಳಿಡೀ ಸಾಕು.

ಥೈಲೇರಿಯಾದ ದಾರಿ ಬೇರೆ. ಇದು ಕೆಂಪು ಕಣಗಳಿಗೆ ಹೋಗುವ ಮುನ್ನ ಬಿಳಿ ರಕ್ತಕಣಗಳೊಳಗೆ ಸೇರಿ, ಅವು ಕ್ಯಾನ್ಸರ್ ಕೋಶಗಳಂತೆ ಎಡೆಬಿಡದೆ ವಿಭಜಿಸುವಂತೆ ಮಾಡುತ್ತದೆ. ಕಣ ಎರಡಾದಾಗ ಪರಾವಲಂಬಿಯೂ ಎರಡಾಗಿ ಹಂಚಿಹೋಗುತ್ತದೆ. ರೋಗದ ಕ್ರೌರ್ಯಕ್ಕೆ ಕಾರಣವಾದ ಈ ಗುಣವೇ ವಿಜ್ಞಾನಿಗಳ ಕೈಗೆ ಸಿಕ್ಕ ಎಳೆ. ಪ್ರಯೋಗಾಲಯದ ಸೀಸೆಯಲ್ಲಿ ಆ ಕಣಗಳು ತಾವಾಗಿಯೇ ಬೆಳೆಯುತ್ತವೆ. ಸೀಸೆಯಿಂದ ಸೀಸೆಗೆ ದಾಟಿಸುತ್ತಾ ತಿಂಗಳುಗಟ್ಟಲೆ ಬೆಳೆಸಿದರೆ ಪರಾವಲಂಬಿ ಸೊಕ್ಕಡಗುತ್ತದೆ: ರೋಗ ತರದು, ರೋಗನಿರೋಧಕ ಶಕ್ತಿಯನ್ನು ಮಾತ್ರ ಎಚ್ಚರಿಸುತ್ತದೆ. ಅಲ್ಜೀರಿಯಾದಲ್ಲಿ ಸೆರ್ಜಾಂ ಸಹೋದರರು ಸೌಮ್ಯ ತಳಿಯಿಂದ ದನಗಳಿಗೆ ರಕ್ಷಣೆ ಕೊಡಲು ಹೊರಟ ಕೆಲಸವನ್ನು ಇಸ್ರೇಲ್‌ನ ವಿಜ್ಞಾನಿಗಳು ಕೋಶ ಕೃಷಿಯ ಮೂಲಕ ಮುಂದಕ್ಕೊಯ್ದರು. ಭಾರತದಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹುಟ್ಟುಹಾಕಿದ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಇದೇ ಬಗೆಯ ಲಸಿಕೆಯನ್ನು ರಕ್ಷಾವ್ಯಾಕ್-ಟಿ ಹೆಸರಿನಲ್ಲಿ ತಂದಿತು.

ಥೈಲೇರಿಯಾಕ್ಕೆ ಆ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದಲ್ಲಿ ದುಡಿದ ಪಶುವೈದ್ಯ ಅರ್ನಾಲ್ಡ್ ಥೈಲರ್ ಅವರಿಂದ. ಅವರ ಮಗ ಮ್ಯಾಕ್ಸ್ ಥೈಲರ್ ಹಳದಿ ಜ್ವರದ ವೈರಸ್ಸನ್ನು ಹೀಗೇ ದಾಟಿಸಿ ದಾಟಿಸಿ ಸೌಮ್ಯಗೊಳಿಸಿ, ಮನುಷ್ಯರಿಗೆ ಲಸಿಕೆ ಮಾಡಿ 1951ರಲ್ಲಿ ನೊಬೆಲ್ ಪಡೆದರು.

ನೈಟ್ರೋಜನ್ ಕ್ಯಾನ್ ಎಂಬ ಸೇತುವೆ

ಜೀವಂತ ಲಸಿಕೆಯ ಬಲವೂ ತೊಡಕೂ ಅದು ಜೀವಂತವಾಗಿರುವುದೇ. ಕಾಲುಬಾಯಿ ಜ್ವರದ ಲಸಿಕೆಯಲ್ಲಿರುವುದು ಸತ್ತ ವೈರಸ್. ಐಸ್ ಪೆಟ್ಟಿಗೆಯಲ್ಲಿಟ್ಟು ಮನೆಮನೆಗೆ ಒಯ್ಯಬಹುದು. ಥೈಲೇರಿಯಾ ಲಸಿಕೆಯ ಕಣಗಳು ಬದುಕಿರಬೇಕಾದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ನೈಟ್ರೋಜನ್ ಬೇಕು. ಕರಗಿಸಿದ ಮೇಲೆ ತಡಮಾಡದೆ ಚುಚ್ಚಬೇಕು. ಎರಡು-ಮೂರು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಒಂದು ಚುಚ್ಚುಮದ್ದು ಸಾಕು. ತುಂಬು ಗಬ್ಬದ ಹಸುವಿಗೆ, ಜ್ವರ ಬಂದ ರಾಸಿಗೆ ಕೊಡಬಾರದು. ಅದೇ ಸಮಯದಲ್ಲಿ ಬುಪಾರ್ವಾಕ್ವೋನ್ ಕೊಟ್ಟರೆ ಲಸಿಕೆಯೊಳಗಿನ ಜೀವಿಯೂ ಸಾಯುತ್ತದೆ. ಚುಚ್ಚಿದ ಕೆಲವು ವಾರ ಕರುವನ್ನು ಉಣ್ಣೆಯಿಂದ ದೂರವಿಡಬೇಕು, ಏಕೆಂದರೆ ರಕ್ಷಣೆ ಮೂಡಲು ಸಮಯ ಬೇಕು. ಈ ಲಸಿಕೆ ಉಣ್ಣೆಯಿಂದಲೇ ಹರಡುವ ಬೆಬೀಸಿಯಾ, ಅನಾಪ್ಲಾಸ್ಮಾ ರೋಗಾಣುಗಳನ್ನು ತಡೆಯದು ಎಂಬುದನ್ನೂ ರೈತರಿಗೆ ಸ್ಪಷ್ಟವಾಗಿ ಹೇಳಬೇಕು.

ಹಳ್ಳಿಗೆ ದ್ರವ ನೈಟ್ರೋಜನ್ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ಉತ್ತರ ಕಣ್ಣೆದುರೇ ಇದೆ. ಹಸು ಬೆದೆಗೆ ಬಂದಿದೆ ಎಂದು ಫೋನ್ ಮಾಡಿದರೆ ಕೃತಕ ಗರ್ಭಧಾರಣೆ ಕಾರ್ಯಕರ್ತರು ಬೈಕಿನ ಮೇಲೆ ತರುವ ಕ್ಯಾನ್‌ನಲ್ಲಿ ಇರುವುದು ಅದೇ ದ್ರವ. ಹಾಲು ಉತ್ಪಾದಕರ ಸಂಘಗಳ ಮೂಲಕ ಆ ವ್ಯವಸ್ಥೆ ಹಳ್ಳಿಗಳಲ್ಲಿ ಬೇರೂರಿದೆ. ಸೀಮೆಹಸುವನ್ನು ನಮ್ಮ ಕೊಟ್ಟಿಗೆಗೆ ತಂದದ್ದೂ ಆ ಕ್ಯಾನೇ. ವೀರ್ಯದ ಸ್ಟ್ರಾಗಳ ಪಕ್ಕದಲ್ಲಿ ಲಸಿಕೆಗೂ ಜಾಗ ಮಾಡಿ, ಊರಿನ ಕರುಗಳನ್ನು ಒಂದೇ ದಿನ ಒಂದೆಡೆ ಸೇರಿಸಿ, ಪಶುವೈದ್ಯರ ಉಸ್ತುವಾರಿಯಲ್ಲಿ ಚುಚ್ಚಿದರೆ ಬಿಡಿ ಬಿಡಿಯಾಗಿ ಅಸಾಧ್ಯವೆನಿಸುವ ಕೆಲಸ ಸಾಧ್ಯವಾಗುತ್ತದೆ. ಜೊತೆಗೆ ಬಿರುಕು ಮುಚ್ಚುವ, ಉಣ್ಣೆ ನಿಯಂತ್ರಿಸುವ ಕೆಲಸವೂ ನಡೆಯಲಿ.

ಮಿಶ್ರತಳಿ ಕರು ಹುಟ್ಟಿಸಲು ಇಷ್ಟೆಲ್ಲ ವ್ಯವಸ್ಥೆ ಕಟ್ಟಿದವರು ಅದನ್ನು ಉಳಿಸುವುದಕ್ಕೂ ಅದೇ ವ್ಯವಸ್ಥೆಯನ್ನು ದುಡಿಸಬೇಕು. ಪ್ರತಿ ಹಾಲು ಒಕ್ಕೂಟವೂ ತನ್ನ ವಾರ್ಷಿಕ ಕಾರ್ಯಯೋಜನೆಯಲ್ಲಿ ಕೃತಕ ಗರ್ಭಧಾರಣೆಯ ಗುರಿಯ ಪಕ್ಕದಲ್ಲೇ ಥೈಲೇರಿಯಾ ಲಸಿಕೆಯ ಗುರಿಯನ್ನೂ ಬರೆಯಲಿ.