ಆಕ್ಸಿಜನ್ ಮೆಷಿನ್ನಿನ ಬಾಟಲಿಯಲ್ಲಿ ನೀರು ಏಕೆ?

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಆಕ್ಸಿಜನ್ ಮೆಷಿನ್ ಇದೆ. ಅದರ ಮುಂದೆ ಸಿಕ್ಕಿಸಿರುವ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧದಷ್ಟು ನೀರು. ಸ್ವಿಚ್ ಹಾಕಿದ ಕೂಡಲೇ ನೀರಿನಲ್ಲಿ ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ. ನೋಡಲು ಬಂದವರೆಲ್ಲ ಕೇಳುವುದು ಒಂದೇ: "ಈ ನೀರಿನಿಂದಲೇ ಆಕ್ಸಿಜನ್ ಬರುತ್ತದಾ?" ಮೊದಲ ತಿಂಗಳು ನಾನೂ ಹಾಗೇ ತಿಳಿದಿದ್ದೆ. ಕಾಮರ್ಸ್ ವಿದ್ಯಾರ್ಥಿ ಎಂದು ನನ್ನನ್ನು ಕ್ಷಮಿಸಬಹುದು. ಆದರೆ ಸೈನ್ಸ್ ವಿಭಾಗದ ಇಬ್ಬರು ಗೆಳೆಯರೂ "ಹೌದು, ಎಚ್ ಟು ಓ ಅಲ್ವಾ" ಅಂದಿದ್ದರು!

ನೀರಿಗೂ ಆಕ್ಸಿಜನ್ ಉತ್ಪಾದನೆಗೂ ಸಂಬಂಧವಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 21 ಭಾಗ ಆಕ್ಸಿಜನ್, 78 ಭಾಗ ನೈಟ್ರೋಜನ್. ಮೆಷಿನ್ ಕೋಣೆಯ ಗಾಳಿಯನ್ನು ಎಳೆದುಕೊಂಡು ಜಿಯೋಲೈಟ್ ಎಂಬ ಹರಳುಗಳ ಮೂಲಕ ಒತ್ತಡದಲ್ಲಿ ಹಾಯಿಸುತ್ತದೆ. ನೈಟ್ರೋಜನ್ ಅಲ್ಲೇ ಹಿಡಿದು ನಿಲ್ಲುತ್ತದೆ, ಶೇಕಡಾ 90ಕ್ಕಿಂತ ಹೆಚ್ಚು ಆಕ್ಸಿಜನ್ ಇರುವ ಗಾಳಿ ಹೊರಬರುತ್ತದೆ. ಹೀಗೆ ಬರುವ ಗಾಳಿಯಲ್ಲಿ ತೇವ ಬಹಳ ಕಡಿಮೆ. ಸಿಲಿಂಡರ್ ಆಕ್ಸಿಜನ್ನೂ ಅಷ್ಟೇ ಒಣ. ಅದಕ್ಕೆ ಸ್ವಲ್ಪ ತೇವ ಕೊಡಲು ಮಾತ್ರ ಈ ಬಾಟಲಿ.

ಮೆಷಿನ್ ಇರುವುದು ನಮ್ಮ ದಾದಾ ಅವರಿಗಾಗಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದವರು. ಭಟ್ಟಿಯ ಹೊಗೆ, ಜೊತೆಗೆ ಬೀಡಿ. ಈಗ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ. ದಿನಕ್ಕೆ ಕನಿಷ್ಠ 15 ಗಂಟೆ, ನಿಮಿಷಕ್ಕೆ 2 ಲೀಟರ್‌ನಂತೆ ಆಕ್ಸಿಜನ್ ತೆಗೆದುಕೊಳ್ಳಬೇಕೆಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಆದರೆ ಎರಡನೇ ತಿಂಗಳಿನಿಂದ ದಾದಾ ರಾತ್ರಿ ನಾವು ಮಲಗಿದ ಮೇಲೆ ಮೆಷಿನ್ ಆಫ್ ಮಾಡತೊಡಗಿದರು. ಕೇಳಿದರೆ "ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ?" ಎನ್ನುತ್ತಿದ್ದರು. ನಾನು ಲೆಕ್ಕ ಹಾಕಿದೆ. ಸುಮಾರು 300 ವ್ಯಾಟ್, 15 ಗಂಟೆ, ಅಂದರೆ ದಿನಕ್ಕೆ ನಾಲ್ಕೂವರೆ ಯೂನಿಟ್, ತಿಂಗಳಿಗೆ 135. ಗೃಹಜ್ಯೋತಿಯಲ್ಲಿ ನಮಗೆ ಸಿಗುವ ಉಚಿತ ಯೂನಿಟ್ ಹಳೆಯ ಬಳಕೆಯ ಸರಾಸರಿ ಮೇಲೆ ನಿಂತಿರುವುದರಿಂದ ಬಿಲ್ ಬರುವುದು ನಿಜ. ಆದರೂ ಅಬ್ಬಾ ಕಟ್ಟಲಾಗದಷ್ಟು ಅಲ್ಲ. ನಿಜವಾದ ಕಾರಣ ಒಂದು ಬೆಳಿಗ್ಗೆ ದಾದಿಗೆ ದಿಂಬಿನ ಕವರ್ ಮೇಲೆ ಕಾಣಿಸಿತು. ರಕ್ತದ ಕಲೆ. ದಾದಾ ಅವರ ಮೂಗಿನೊಳಗೆ ಒಣಗಿ ಹಕ್ಕಳೆ ಕಟ್ಟಿತ್ತು, ನಳಿಕೆ ತಾಗಿದರೆ ಉರಿಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಆ ದಿನ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ 81 ತೋರಿಸಿತು.

ಮೂಗು ಒಣಗುವುದು ಸಣ್ಣ ವಿಷಯ ಎನ್ನುವವರಿಗೆ ನಾನು ಈ 81ರ ಕತೆ ಹೇಳುತ್ತೇನೆ.

ಮೂಗು ಮಾಡುವ ಕೆಲಸ ನಮಗೆ ಗೊತ್ತೇ ಆಗುವುದಿಲ್ಲ. ಒಳಗೆ ಹೋಗುವ ಗಾಳಿ ಶ್ವಾಸಕೋಶ ತಲುಪುವ ಹೊತ್ತಿಗೆ 37 ಡಿಗ್ರಿ ಬೆಚ್ಚಗಾಗಿ, ಪೂರ್ತಿ ತೇವದಿಂದ ಕೂಡಿರಬೇಕು. ಅಂದರೆ ಒಂದು ಲೀಟರ್ ಗಾಳಿಯಲ್ಲಿ ಸುಮಾರು 44 ಮಿಲಿಗ್ರಾಂ ನೀರಿನ ಆವಿ. ಈ ನೀರನ್ನು ಕೊಡುವುದು ಮೂಗು ಮತ್ತು ಉಸಿರಿನ ದಾರಿಯ ಒದ್ದೆ ಪೊರೆ. ಆ ಪೊರೆಯ ಮೇಲಿರುವ ಲೋಳೆ ಧೂಳು, ರೋಗಾಣುಗಳನ್ನು ಹಿಡಿಯುತ್ತದೆ, ಕಣ್ಣಿಗೆ ಕಾಣದ ಕೂದಲುಗಳು ಅದನ್ನು ಗಂಟಲಿನ ಕಡೆ ತಳ್ಳುತ್ತವೆ. ಲೋಳೆ ಒಣಗಿದರೆ ಈ ಸಾಗಾಟ ನಿಲ್ಲುತ್ತದೆ. ಮೂಗಿನ ನಡುಗೋಡೆಯ ಮುಂಭಾಗದಲ್ಲಿ ತೆಳು ರಕ್ತನಾಳಗಳು ಒಂದು ಕಡೆ ಸೇರಿವೆ, ಹೆಚ್ಚಿನ ಮೂಗಿನ ರಕ್ತ ಬರುವುದು ಅಲ್ಲಿಂದಲೇ. ನಳಿಕೆಯ ಒಣ ಗಾಳಿ ನೇರವಾಗಿ ತಾಗುವುದೂ ಆ ಭಾಗಕ್ಕೇ.

ಇದನ್ನೂ ಲೆಕ್ಕ ಹಾಕಿ ನೋಡಿದೆ. ನಿಮಿಷಕ್ಕೆ 2 ಲೀಟರ್‌ನಂತೆ 15 ಗಂಟೆ ಬರುವ ಒಣ ಆಕ್ಸಿಜನ್‌ಗೆ ದೇಹ ಸುಮಾರು 80 ಮಿಲಿಲೀಟರ್ ನೀರು ಸೇರಿಸಬೇಕು. 5 ಲೀಟರ್ ಆದರೆ 200. ಉಸಿರು ಬಿಡುವಾಗ ಮೂಗು ಸ್ವಲ್ಪ ವಾಪಸ್ ಪಡೆಯುತ್ತದೆ ಎನ್ನಿ. ಆದರೂ ಎರಡರ ನಡುವಿನ ವ್ಯತ್ಯಾಸ ನೋಡಿ. ನಮ್ಮ ತಪ್ಪು ಸಿಕ್ಕಿದ್ದು ಇಲ್ಲೇ. ದಾದಾಗೆ ಸುಸ್ತು ಎಂದು ಚಾಚಾ ಮೆಷಿನ್ನಿನ ಗುಂಡಿ ತಿರುಗಿಸಿ 2ರಿಂದ 5ಕ್ಕೆ ಇಟ್ಟಿದ್ದರು, ಹೆಚ್ಚು ಕೊಟ್ಟರೆ ಒಳ್ಳೆಯದು ಎಂಬ ಪ್ರೀತಿಯಿಂದ. ಡಾಕ್ಟರ್ ಕೇಳಿ ಗದರಿದರು. ಸಿಒಪಿಡಿ ಇರುವ ಕೆಲವರಲ್ಲಿ ಆಕ್ಸಿಜನ್ ಅತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ. ದಾದಾಗೆ 88ರಿಂದ 92 ಇದ್ದರೆ ಸಾಕು, 100 ತೋರಿಸಲೇಬೇಕಿಲ್ಲ.

ಅವರು ಹೇಳಿದ ಇನ್ನೊಂದು ಮಾತು ನಮಗೆಲ್ಲ ಆಶ್ಚರ್ಯ ತಂದಿತು. 4 ಲೀಟರ್‌ವರೆಗೆ ಸಾಮಾನ್ಯವಾಗಿ ಬಾಟಲಿಯೇ ಬೇಕಾಗಿಲ್ಲವಂತೆ. ಕಾರಣ, ಸುಮ್ಮನೆ ಕುಳಿತ ಮನುಷ್ಯನೂ ನಿಮಿಷಕ್ಕೆ 6 ಲೀಟರ್‌ಗಿಂತ ಹೆಚ್ಚು ಗಾಳಿ ಉಸಿರಾಡುತ್ತಾನೆ. ಅದರಲ್ಲಿ 2 ಲೀಟರ್ ಮೆಷಿನ್ನಿನದು, ಉಳಿದದ್ದು ಕೋಣೆಯ ತೇವದ ಗಾಳಿ. ಮೇಲಾಗಿ ಬಾಟಲಿಯ ನೀರು ಬಿಸಿ ಇರುವುದಿಲ್ಲ. 25 ಡಿಗ್ರಿಯ ಗಾಳಿ ಲೀಟರ್‌ಗೆ 23 ಮಿಲಿಗ್ರಾಂಗಿಂತ ಹೆಚ್ಚು ಆವಿ ಹೊರಲಾರದು. ಅಂದರೆ ಬಾಟಲಿ ಎಷ್ಟೇ ಗುಳುಗುಟ್ಟಿದರೂ ಬೇಕಾದುದರಲ್ಲಿ ಅರ್ಧ ಮಾತ್ರ ಕೊಡುತ್ತದೆ. ಯಾರಿಗಾದರೂ ಅದರಿಂದ ಹಿತವೆನಿಸಿದರೆ ಇಡಬಹುದು, ಆದರೆ ಸ್ವಚ್ಛವಾಗಿ ಇಡುವುದಾದರೆ ಮಾತ್ರ.

ಸ್ವಚ್ಛತೆಯ ವಿಷಯದಲ್ಲಿ ನಮ್ಮ ಮನೆಯ ಕತೆ ಹೇಳಲು ನಾಚಿಕೆ. ನೀರು ಕಡಿಮೆಯಾದಾಗಲೆಲ್ಲ ಮೇಲಿಂದ ನಲ್ಲಿ ನೀರು ಸುರಿಯುತ್ತಿದ್ದೆವು. ಒಂದು ದಿನ ಬಾಟಲಿ ಬಿಚ್ಚಿ ತಳಕ್ಕೆ ಬೆರಳಿಟ್ಟರೆ ಜಾರಿತು. ಲೋಳೆಯ ಪದರ! ಆ ನೀರಿನ ಮೂಲಕ ಬಂದ ಗಾಳಿಯನ್ನೇ ದಾದಾ ಉಸಿರಾಡುತ್ತಿದ್ದರು. 2021ರಲ್ಲಿ ಕಪ್ಪು ಶಿಲೀಂಧ್ರದ ಸುದ್ದಿ ನೆನಪಿರಬಹುದು. ಅದಕ್ಕೆ ಮುಖ್ಯ ಕಾರಣ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್. ಆದರೂ ಈ ಬಾಟಲಿಗೆ ಶುದ್ಧ ನೀರನ್ನೇ ಹಾಕಿ ಎಂದು ವೈದ್ಯರು ಆಗ ಮತ್ತೆ ಮತ್ತೆ ಹೇಳಿದ್ದರು.

ಹಾಗಾದರೆ ಯಾವ ನೀರು? ಚಾಚಾ ಪೆಟ್ರೋಲ್ ಬಂಕ್‌ನಿಂದ ಬ್ಯಾಟರಿ ನೀರು ತಂದರು. ಅದೂ ಡಿಸ್ಟಿಲ್ಡ್ ವಾಟರೇ, ಆದರೆ ತಯಾರಾದದ್ದು ಬ್ಯಾಟರಿಗಾಗಿ, ಮನುಷ್ಯನ ಮೂಗಿಗಲ್ಲ. ದಾದಿ ಹಜ್‌ನಿಂದ ಬಂದವರು ಕೊಟ್ಟ ಝಮ್‌ಝಮ್ ತೆಗೆದಿಟ್ಟಿದ್ದರು, ಅದನ್ನೇ ಹಾಕೋಣ ಎಂದರು. ಯಾರಿಗೂ ಬೇಡ ಎನ್ನುವ ಧೈರ್ಯವಿಲ್ಲ. ಕೊನೆಗೆ ದಾದಾ ಅವರೇ, "ಅದನ್ನು ನನಗೆ ಕುಡಿಯಲು ಕೊಡು, ಮೆಷಿನ್ನಿಗೆ ಕುಡಿಸಬೇಡ" ಎಂದರು. ಝಮ್‌ಝಮ್ ಖನಿಜಾಂಶ ಹೆಚ್ಚಿರುವ ನೀರು; ಬಾಟಲಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಬೋರ್‌ವೆಲ್ ನೀರೂ ಹಾಗೆಯೇ. ಈಗ ಮೆಡಿಕಲ್ ಶಾಪ್‌ನ ಸೀಲ್ ಇರುವ ಡಿಸ್ಟಿಲ್ಡ್ ನೀರು, ಅದು ಮುಗಿದಿದ್ದರೆ ಚೆನ್ನಾಗಿ ಕುದಿಸಿ ಪೂರ್ತಿ ಆರಿಸಿದ ನೀರು. ಪ್ರತಿದಿನ ಹಳೆಯದನ್ನು ಚೆಲ್ಲಿ, ಸೋಪಿನಲ್ಲಿ ತೊಳೆದು, ಒಣಗಿಸಿ ಹೊಸದು ತುಂಬುತ್ತೇವೆ. ವಾರಕ್ಕೊಮ್ಮೆ ಒಂದು ಪಾಲು ಬಿಳಿ ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿಟ್ಟು ತೊಳೆಯುತ್ತೇವೆ. ಮುಚ್ಚಳ ಓರೆಯಾದರೆ ಆಕ್ಸಿಜನ್ ಅಲ್ಲೇ ಸೋರಿಹೋಗುತ್ತದೆ. ನಳಿಕೆಯ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ, ಗುಳ್ಳೆ ಬಂದರೆ ಸರಿ ಇದೆ ಎಂದರ್ಥ.

ಮೂಗಿನ ಒಣಗುವಿಕೆಗೆ ದಾದಿಯ ಮದ್ದು ಕೊಬ್ಬರಿ ಎಣ್ಣೆ. ಅಮ್ಮಿ ವ್ಯಾಸಲೀನ್ ಹಚ್ಚಿದರು. ಎರಡೂ ಬೇಡವಂತೆ. ಎಣ್ಣೆಯಂಶ ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿಯಬಹುದು, ಮತ್ತು ಆಕ್ಸಿಜನ್ ಇರುವಲ್ಲಿ ಎಣ್ಣೆ, ಗ್ರೀಸು ಬೇಗ ಹೊತ್ತಿಕೊಳ್ಳುತ್ತದೆ. ಡಾಕ್ಟರ್ ಕೊಟ್ಟದ್ದು ಉಪ್ಪುನೀರಿನ ಹನಿ ಮತ್ತು ನೀರಿನಂಶದಿಂದ ಮಾಡಿದ ಜೆಲ್. ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸದೆ ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಆಮೇಲೂ ನಿಲ್ಲದಿದ್ದರೆ ಆಸ್ಪತ್ರೆಗೆ. ಬೆಂಕಿಯ ಭಯದಿಂದ ಗುರುವಾರ ಸಂಜೆಯ ಲೋಬಾನ ಈಗ ಅಂಗಳಕ್ಕೆ ಹೋಗಿದೆ. ಅಡುಗೆ ಒಲೆಯಿಂದ ಮೆಷಿನ್ 3 ಮೀಟರ್‌ಗಿಂತ ದೂರ ಇದೆ. ದಾದಾ ಬೀಡಿ ಬಿಟ್ಟಿದ್ದಾರೆ ಎಂದು ನಾವು ನಂಬಿದ್ದೇವೆ, ಆದರೂ ನಾನು ಜೇಬು ನೋಡುತ್ತೇನೆ.

ಗುಂಡಿ ಮತ್ತೆ 2ಕ್ಕೆ ಬಂದು, ಹನಿ ಶುರುವಾಗಿ ಹತ್ತು ದಿನಕ್ಕೆ ಹಕ್ಕಳೆ ಉದುರಿತು. ದಾದಾ ರಾತ್ರಿಯಿಡೀ ನಳಿಕೆ ಹಾಕಿಕೊಂಡು ಮಲಗಿದರು. ಪರೀಕ್ಷೆಗೆಂದು ಒಂದು ವಾರ ಬಾಟಲಿಯನ್ನೇ ತೆಗೆದಿಟ್ಟೆವು. ಅವರ ಮೂಗಿಗೆ ಏನೂ ವ್ಯತ್ಯಾಸ ಆಗಲಿಲ್ಲ. ನಿದ್ದೆ ಕೆಟ್ಟದ್ದು ದಾದಿಯದು. ಗುಳುಗುಳು ಸದ್ದಿಲ್ಲದೆ ಮೆಷಿನ್ ನಿಂತುಹೋಗಿದೆಯೋ ಎಂದು ಗಂಟೆಗೊಮ್ಮೆ ಎದ್ದು ನೋಡುತ್ತಿದ್ದರು. ಹಾಗಾಗಿ ಬಾಟಲಿ ವಾಪಸ್ ಬಂದಿದೆ. ಫಜ್ರ್ ನಮಾಜ್ ಆದ ಮೇಲೆ ಅದನ್ನು ತೊಳೆಯುವುದು ನನ್ನ ಪಾಲಿನ ಕೆಲಸ.