ಟ್ರ್ಯಾಕ್ಟರಿನ ನೇಗಿಲು ಹೇಗಿರಬೇಕು?

ಜತ್ತ, ಅಕ್ಕಲಕೋಟೆ, ಸೋಲಾಪುರದ ಕಡೆಯ ನಮ್ಮ ಹಳ್ಳಿಗಳಲ್ಲಿ ಈಗ ಟ್ರ್ಯಾಕ್ಟರು ಹೊಸ ವಸ್ತುವಲ್ಲ. ಸ್ವಂತದ್ದಿಲ್ಲದವರೂ ಬಾಡಿಗೆ ಕೊಟ್ಟು ಹೊಲ ಉಳಿಸುತ್ತಾರೆ. ಆದರೆ ಟ್ರ್ಯಾಕ್ಟರು ಎಷ್ಟು ಅಶ್ವಶಕ್ತಿಯದೆಂದು ಕೇಳುವ ನಾವು, ಅದರ ಹಿಂದೆ ಕಟ್ಟಿದ ನೇಗಿಲು ಎಂಥದೆಂದು ಕೇಳುವುದಿಲ್ಲ. ಮಣ್ಣನ್ನು ಮುಟ್ಟುವುದು ನೇಗಿಲು. ಟ್ರ್ಯಾಕ್ಟರು ಅದನ್ನು ಎಳೆಯುತ್ತದೆ, ಅಷ್ಟೇ. ನೇಗಿಲಿನ ಆಕಾರ ಸರಿಯಿಲ್ಲದಿದ್ದರೆ ಡೀಸೆಲ್ಲು ಸುಡುವುದು, ಬಾಡಿಗೆ ಏರುವುದು, ಹೊಲ ಮಾತ್ರ ಅರೆಬರೆ ಉಳುವುದು.

ಮರದ ರಂಟೆ ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಕಬ್ಬಿಣದ ನೇಗಿಲು ಮೂರು ಕೆಲಸ ಮಾಡುತ್ತದೆ. ಕುಳ ಮಣ್ಣನ್ನು ಅಡಿಯಿಂದ ಕತ್ತರಿಸುತ್ತದೆ. ಬಾಗಿದ ಹಲಗೆ ಅದನ್ನು ಎತ್ತಿ ಮಗುಚುತ್ತದೆ. ಪಕ್ಕದ ಉದ್ದ ಪಟ್ಟಿ ಉಳದ ಮಣ್ಣಿನ ಗೋಡೆಗೆ ಒರಗಿ ನೇಗಿಲನ್ನು ನೆಟ್ಟಗೆ ಸಾಗಿಸುತ್ತದೆ. ನೇಗಿಲಿನ ಸುಧಾರಣೆಯೆಂದರೆ ಈ ಮೂರನ್ನೂ ಕಡಿಮೆ ಎಳೆತದಲ್ಲಿ ಮಾಡಿಸುವುದು.

ಅಂಟುವ ಮಣ್ಣಿನ ತೊಡಕು

ಅಮೆರಿಕದ ಇಲಿನಾಯ್ ಪ್ರಾಂತದ ಕಪ್ಪು ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಅಂಟಿಕೊಳ್ಳುತ್ತಿತ್ತು. ಒಕ್ಕಲಿಗರು ಹೆಜ್ಜೆಹೆಜ್ಜೆಗೆ ನಿಂತು ಮಣ್ಣು ಕೆರೆಯಬೇಕಾಗುತ್ತಿತ್ತು. 1837ರಲ್ಲಿ ಅಲ್ಲಿನ ಕಮ್ಮಾರ ಜಾನ್ ಡೀರ್ ನುಣುಪಾದ ಉಕ್ಕಿನಿಂದ ನೇಗಿಲು ಮಾಡಿದನು. ಮಣ್ಣು ಜಾರಿ ಬಿದ್ದಿತು. ನೇಗಿಲು ತಾನೇ ಸ್ವಚ್ಛವಾಯಿತು. ನಮ್ಮ ಎರಿ ಹೊಲದ ತೊಡಕೂ ಇದೇ. ಆದ್ದರಿಂದ ಹಲಗೆಗೆ ತುಕ್ಕು ಹಿಡಿಯಗೊಡಬಾರದು. ಕೆಲಸ ಮುಗಿದೊಡನೆ ಮಣ್ಣು ತೊಳೆದು, ಒರಸಿ, ಹಳೆಯ ಎಂಜಿನ್ ಎಣ್ಣೆ ಸವರಿ ಇಡಬೇಕು. ಬಹಳ ಅಂಟುವ ನೆಲಕ್ಕೆ ಇಡೀ ಹಲಗೆಯ ಬದಲು ನಡುನಡುವೆ ಸಂದುಬಿಟ್ಟ ಪಟ್ಟಿಗಳ ಹಲಗೆಯೂ ದೊರೆಯುತ್ತದೆ. ಮಣ್ಣು ತಾಗುವ ಜಾಗ ಕಡಿಮೆಯಾದ್ದರಿಂದ ಅಂಟುವುದೂ ಕಡಿಮೆ.

ನಮ್ಮ ಕಡೆಗೆ ಕಬ್ಬಿಣದ ನೇಗಿಲು ಬಂದ ಕಥೆ ದೂರದ್ದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ 1903ರಲ್ಲಿ ಅದನ್ನು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಮೊದಲು ಅಂಜಿದರು. ಜತ್ತವಿರುವ ಇಂದಿನ ಸಾಂಗಲಿ ಜಿಲ್ಲೆಯಲ್ಲಿಯೇ 1910ರಲ್ಲಿ ಕಿರ್ಲೋಸ್ಕರವಾಡಿ ನೆಲೆಗೊಂಡಿತು. ಮುಂದೆ ಕರಿಕೆ ತೆಗೆಯಲು ನಮ್ಮ ಹಿರಿಯರೇ ಕಬ್ಬಿಣದ ನೇಗಿಲಿಗೆ ಮೂರು-ನಾಲ್ಕು ಜೋಡಿ ಎತ್ತು ಹೂಡತೊಡಗಿದರು.

ಕಟ್ಟುವ ಬಗೆ

ಮೊದಲಿನ ಟ್ರ್ಯಾಕ್ಟರುಗಳು ನೇಗಿಲನ್ನು ಗಾಡಿಯಂತೆ ಹಿಂದೆ ಎಳೆಯುತ್ತಿದ್ದವು. ಕುಳ ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುವ ಭಯವಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ಕೊಂಡಿಗಳಿಂದ ನೇಗಿಲನ್ನು ಟ್ರ್ಯಾಕ್ಟರಿಗೇ ಜೋಡಿಸಿದನು. 1936ರಲ್ಲಿ ಈ ಏರ್ಪಾಟಿನ ಟ್ರ್ಯಾಕ್ಟರು ಪೇಟೆಗೆ ಬಂದಿತು. ನೇಗಿಲಿನ ಭಾರ ಹಿಂದಿನ ಗಾಲಿಗಳ ಮೇಲೆ ಬಿದ್ದು ಗಾಲಿ ಜಾರುವುದು ತಗ್ಗಿತು. ಗಟ್ಟಿ ನೆಲ ಬಂದು ಎಳೆತ ಹೆಚ್ಚಿದರೆ ಹೈಡ್ರಾಲಿಕ್ ತಾನಾಗಿ ನೇಗಿಲನ್ನು ತುಸು ಎತ್ತುತ್ತದೆ. ಎಳೆತ ತಗ್ಗಿದರೆ ಮತ್ತೆ ಇಳಿಸುತ್ತದೆ. ಇಂದಿನ ನಮ್ಮ ಟ್ರ್ಯಾಕ್ಟರುಗಳಲ್ಲಿರುವುದು ಇದೇ ಏರ್ಪಾಟು.

ಪಲ್ಟಿ ನೇಗಿಲು

ಒಂದೇ ಕಡೆಗೆ ಮಣ್ಣು ಚೆಲ್ಲುವ ನೇಗಿಲಿನಿಂದ ಸುತ್ತು ಹಾಕಿ ಉಳಬೇಕು. ಹೊಲದಲ್ಲಿ ಎಲ್ಲಿಯಾದರೂ ಒಂದು ದಿಣ್ಣೆ, ಎಲ್ಲಿಯಾದರೂ ಒಂದು ತಗ್ಗು ಉಳಿದೇ ಉಳಿಯುತ್ತದೆ. ಇಳಿಜಾರು ಹೊಲದಲ್ಲಿ ಆ ತಗ್ಗೇ ಮಳೆನೀರಿಗೆ ಹಾದಿಯಾಗಿ ಮಣ್ಣನ್ನು ಒಯ್ಯುತ್ತದೆ. ಪಲ್ಟಿ ನೇಗಿಲಿಗೆ ಬಲಕ್ಕೊಂದು, ಎಡಕ್ಕೊಂದು ಜೊತೆ ಕುಳಗಳಿರುತ್ತವೆ. ಹೊಲದ ತುದಿಯಲ್ಲಿ ತಿರುವಿಕೊಂಡರೆ ಹೋದ ಸಾಲಿನ ಪಕ್ಕದಲ್ಲಿಯೇ ಮರಳಿ ಬರಬಹುದು. ಮಣ್ಣೆಲ್ಲ ಒಂದೇ ಕಡೆ ಬೀಳುತ್ತದೆ, ಹೊಲ ಸಮನಾಗಿರುತ್ತದೆ. ಆದರೆ ಕುಳ ಇಮ್ಮಡಿಯಾದಂತೆ ಭಾರವೂ ಹೆಚ್ಚು. ಚಿಕ್ಕ ಟ್ರ್ಯಾಕ್ಟರಿಗೆ ಇದನ್ನು ಕಟ್ಟಿದರೆ ಮುಂದಿನ ಗಾಲಿ ಹಗುರಾಗಿ ಚುಕ್ಕಾಣಿ ಹಿಡಿತಕ್ಕೆ ಬಾರದು.

ಕಲ್ಲು, ಬೇರು ತುಂಬಿದ ಗಟ್ಟಿ ಮಡ್ಡಿ ಹೊಲಕ್ಕೆ ತಟ್ಟೆ ನೇಗಿಲು ಮೇಲು. ತಟ್ಟೆ ಉರುಳುವುದರಿಂದ ಕಲ್ಲಿನ ಮೇಲೆ ಹತ್ತಿ ಇಳಿಯುತ್ತದೆ, ಮುರಿಯುವುದಿಲ್ಲ. ಆದರೆ ಅದು ಹಲಗೆ ನೇಗಿಲಿನಷ್ಟು ಪೂರ್ಣವಾಗಿ ಮಣ್ಣನ್ನು ಮಗುಚಲಾರದು.

ಆಳದ ಲೆಕ್ಕ

ಇದೊಂದು ಶಾಲೆಯ ಲೆಕ್ಕ. ಒಂದೊಂದು ಕುಳ 30 ಸೆಂ.ಮೀ. ಅಗಲ, ಅಂಥ ಎರಡು ಕುಳ, ಆಳ 15 ಸೆಂ.ಮೀ. ಎನ್ನೋಣ. ಕತ್ತರಿಸುವ ಮಣ್ಣು 900 ಚದರ ಸೆಂ.ಮೀ. ಗಟ್ಟಿ ಎರಿಯಲ್ಲಿ ಚದರ ಸೆಂಟಿಮೀಟರಿಗೆ 0.6 ಕಿಲೋ ಎಳೆತ ಹಿಡಿದರೆ ಒಟ್ಟು 540 ಕಿಲೋ. ಆಳ 20 ಮಾಡಿದರೆ 720 ಕಿಲೋ. 25 ಮಾಡಿದರೆ 900 ಕಿಲೋ. ಒಂದು ಜೋಡಿ ಒಳ್ಳೆಯ ಎತ್ತು ಎಡೆಬಿಡದೆ ಎಳೆಯಬಲ್ಲುದು ಸುಮಾರು 80 ಕಿಲೋ. ಅಂದರೆ 20 ಸೆಂ.ಮೀ. ಆಳಕ್ಕೆ ಒಂಬತ್ತು ಜೋಡಿ ಎತ್ತಿನ ಬಲ ಬೇಕಾಯಿತು! ಕುಳ ಮೊಂಡಾಗಿದ್ದರೆ ಇನ್ನೂ ಹೆಚ್ಚು.

ಆದ್ದರಿಂದ ಆಳವಾಗಿ ಉಳುವುದೇ ಒಳ್ಳೆಯದೆಂಬ ಹಟ ಬೇಡ. ಮೇಲ್ಮಣ್ಣು ತೆಳುವಾಗಿ ಕೆಳಗೆ ಗರಸು ಇರುವ ಮಡ್ಡಿಯಲ್ಲಿ ಆಳಕ್ಕೆ ಹೋದರೆ ಸತ್ವವಿಲ್ಲದ ಮಣ್ಣು ಮೇಲೆ ಬರುತ್ತದೆ. ಆಳ ಎರಿಯಲ್ಲಿಯೂ ಪ್ರತಿ ವರ್ಷ ಒಂದೇ ಆಳಕ್ಕೆ ಉತ್ತರೆ ಕುಳದ ಅಡಿಯಲ್ಲಿ ಗಟ್ಟಿ ಪದರ ಕಟ್ಟಿ ನೀರು ಇಳಿಯದು. ವರ್ಷ ವರ್ಷ ಆಳ ಬದಲಿಸಬೇಕು.

ಬಾಡಿಗೆ ಕೊಡುವ ಮುನ್ನ

1. ಕುಳದ ಮೂತಿ ನೋಡಿರಿ. ಮೊಂಡಾಗಿದ್ದರೆ ಕಮ್ಮಾರನಲ್ಲಿ ಬಡಿಸಿ ಇಲ್ಲವೆ ಬದಲಿಸಿ ತರಲು ಹೇಳಿರಿ. ಸವೆದಂತೆ ಮುಂದಕ್ಕೆ ಸರಿಸಬಹುದಾದ ಉಕ್ಕಿನ ಕಂಬಿಯ ಕುಳವಿದ್ದರೆ ಖರ್ಚು ಕಡಿಮೆ.

2. ಮೊದಲ ಎರಡು ಸಾಲು ಉತ್ತ ಮೇಲೆ ನಿಲ್ಲಿಸಿ, ಕೋಲಿನಿಂದ ಎಲ್ಲ ಕುಳಗಳ ಆಳ ಅಳೆಯಿರಿ. ಮುಂದಿನ ಕುಳ ಆಳ, ಹಿಂದಿನದು ಮೇಲೆ ಇದ್ದರೆ ಟಾಪ್ ಲಿಂಕ್ ಎಂಬ ಮೇಲಿನ ಕೊಂಡಿಯನ್ನು ಉದ್ದ ಮಾಡಬೇಕು. ಹಿಂದಿನದೇ ಆಳವಾಗಿದ್ದರೆ ಗಿಡ್ಡ ಮಾಡಬೇಕು.

3. ಇಳಿಜಾರಿಗೆ ಅಡ್ಡವಾಗಿ ಉಳಿಸಿರಿ.

4. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಕೆಳಗೆ ಬಿಡಿರಿ. ಒಡೆದರೆ ಹದ. ಒಡೆಯದೆ ಅಪ್ಪಚ್ಚಿಯಾದರೆ ಹಸಿ ಹೆಚ್ಚು. ಆಗ ಉತ್ತರೆ ಗಾಲಿ ನೆಲವನ್ನು ತುಳಿದು ಗಟ್ಟಿ ಮಾಡುತ್ತದೆ. ಹಿಂಗಾರಿ ಪೀಕು ತೆಗೆದೊಡನೆ ತುಸು ಹಸಿ ಇರುವಾಗಲೇ ಉತ್ತರೆ ಹೆಂಟೆಯೂ ಚಿಕ್ಕದು, ಡೀಸೆಲ್ಲೂ ಉಳಿತಾಯ.

ಈ ನಾಲ್ಕಕ್ಕೂ ಕಾಲು ತಾಸಿಗಿಂತ ಹೆಚ್ಚು ಬೇಡ. ಹತ್ತಿರದ ನಾಲ್ಕಾರು ಒಕ್ಕಲಿಗರು ಕೂಡಿ, ತಮ್ಮ ಮಣ್ಣಿಗೆ ಒಪ್ಪುವ ಒಂದು ನೇಗಿಲನ್ನು ಪಾಲಿನಲ್ಲಿ ಕೊಂಡು, ಬಾಡಿಗೆಯ ಟ್ರ್ಯಾಕ್ಟರಿಗೆ ಅದನ್ನೇ ಕಟ್ಟಿಸಿದರೆ ಇನ್ನೂ ಲೇಸು. ಟ್ರ್ಯಾಕ್ಟರು ಯಾರದಾದರೂ ಆಗಲಿ, ನೇಗಿಲು ನಮ್ಮ ಹೊಲಕ್ಕೆ ಒಪ್ಪುವಂಥದಿರಲಿ.