ಸಾಮೀಪ್ಯವನ್ನು ನಂಬುವ ಬೀಗ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯ ಚೆನ್ನಕೇಶವ ದೇವಾಲಯದಲ್ಲಿ ಪೂಜೆಗೊಳ್ಳುವ ಗರುಡಮೂರ್ತಿಯು ಆ ಸೀಮೆಗೆಲ್ಲ ಪ್ರಸಿದ್ಧವಾದುದು. ಕ್ಷೀರಸಾಗರದಲ್ಲಿ ಯೋಗನಿದ್ರೆಯಲ್ಲಿದ್ದ ಭಗವಂತನ ಕಿರೀಟವನ್ನು ಪ್ರಹ್ಲಾದನ ಮಗನಾದ ವಿರೋಚನನು ಅಪಹರಿಸಿಕೊಂಡು ಹೋದಾಗ, ಬೆನ್ನಟ್ಟಿ ಹೋಗಿ ಅದನ್ನು ಮರಳಿ ತಂದವನು ಗರುಡನೆಂದೂ, ಆ ಕಿರೀಟವೇ ಮೇಲುಕೋಟೆಯ ಚೆಲುವನಾರಾಯಣಸ್ವಾಮಿಯು ವರ್ಷಕ್ಕೊಮ್ಮೆ ಧರಿಸುವ ವೈರಮುಡಿಯೆಂದೂ ನಮ್ಮ ಐತಿಹ್ಯವು ಹೇಳುತ್ತದೆ. ಪುರಾಣಕಾಲದಲ್ಲಿ ಒಮ್ಮೆ ಕಳುವಾಗಿದ್ದ ಆ ಆಭರಣವನ್ನು ಈಗ ಮಂಡ್ಯದ ಸರ್ಕಾರಿ ಖಜಾನೆಯಲ್ಲಿರಿಸಿ, ಉತ್ಸವದ ದಿನ ಪೊಲೀಸರ ಬೆಂಗಾವಲಿನಲ್ಲಿ ಊರೂರುಗಳ ಪೂಜೆಯನ್ನು ಸ್ವೀಕರಿಸುತ್ತ ಬೆಟ್ಟಕ್ಕೆ ಕೊಂಡೊಯ್ಯುತ್ತಾರೆ. ಖಜಾನೆಗಳ ಭದ್ರಕೋಣೆಗೆ ಜೋಡಿಬೀಗವನ್ನು ಹಾಕಿ, ಒಂದರ ಕೈಯನ್ನು ಒಬ್ಬ ಅಧಿಕಾರಿಯ ವಶದಲ್ಲಿಯೂ ಮತ್ತೊಂದರ ಕೈಯನ್ನು ಇನ್ನೊಬ್ಬನ ವಶದಲ್ಲಿಯೂ ಇಡುವ ಪದ್ಧತಿಯು ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಒಬ್ಬನಿಂದಲೇ ಬಾಗಿಲು ತೆರೆಯಲಾರದೆಂಬುದೇ ಆ ಏರ್ಪಾಡಿನ ಸಾರ.

ಈಗಿನ ಮೋಟಾರುಕಾರಿನ ಬೀಗದ ಕೈಯೂ ಇಂತಹ ಜೋಡಿಬೀಗಕ್ಕೆ ಸೇರಿದುದೆಂಬುದು, ಕೆ.ಎ. 54 ಎಂಬ ನಾಗಮಂಗಲದ ಫಲಕವನ್ನು ಹೊತ್ತು ಬಿಂಡಿಗನವಿಲೆಯ ರಸ್ತೆಗಳಲ್ಲಿ ಓಡಾಡುವ ಕಾರುಗಳ ಒಡೆಯರಲ್ಲಿ ಅನೇಕರಿಗೆ, ಕೈ ಕಳೆದುಹೋಗಿ ಹೊಸದನ್ನು ಮಾಡಿಸಹೊರಟ ದಿನದವರೆಗೂ ತಿಳಿದಿರುವುದಿಲ್ಲ. ಪೇಟೆಯಲ್ಲಿ ಕುಳಿತ ಬೀಗದ ಕೆಲಸದವನು ಲೋಹದ ಹಲ್ಲುಗಳನ್ನು ಯಥಾವತ್ತಾಗಿ ಕಡೆದುಕೊಡುತ್ತಾನೆ. ಆ ಕೈಯಿಂದ ಬಾಗಿಲು ತೆರೆಯುತ್ತದೆ, ಸ್ಟಿಯರಿಂಗಿನ ಬಳಿಯ ಬೀಗವೂ ತಿರುಗುತ್ತದೆ. ಆದರೆ ಎಂಜಿನು ಒಂದೆರಡು ಕ್ಷಣ ಗುಡುಗಿ ನಿಂತುಹೋಗುತ್ತದೆ, ಇಲ್ಲವೆ ಗುಡುಗುವುದೇ ಇಲ್ಲ, ಮತ್ತು ಎದುರಿನ ಫಲಕದಲ್ಲಿ ಕೆಂಪು ದೀಪವೊಂದು ಮಿನುಗತೊಡಗುತ್ತದೆ. ಲೋಹದ ಬೀಗವು ಒಪ್ಪಿದೆ, ಅದೃಶ್ಯವಾದ ಎರಡನೆಯ ಬೀಗವು ಒಪ್ಪಿಲ್ಲ. ಈ ಎರಡನೆಯದಕ್ಕೇ ಇಮ್ಮೊಬಿಲೈಸರ್ ಎಂದು ಹೆಸರು. ನಮ್ಮ ಮೆಕ್ಯಾನಿಕ್ಕುಗಳು ಅದರ ಕೈಯನ್ನು ಚಿಪ್ ಕೀ ಎನ್ನುತ್ತಾರೆ.

ಇದರ ಪೂರ್ವರೂಪವನ್ನು ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1986ರ ಕಾರ್ವೆಟ್ ಕಾರಿನಲ್ಲಿ ಅಳವಡಿಸಿತು. ಕೈಯ ಅಲಗಿನಲ್ಲಿ ಹುದುಗಿಸಿದ ಸಣ್ಣದೊಂದು ಗುಂಡಿನ ವಿದ್ಯುನ್ನಿರೋಧವನ್ನು ಕಾರು ಅಳೆದುನೋಡುತ್ತಿತ್ತು; ಆದರೆ ಅಲ್ಲಿದ್ದುದು ಹದಿನೈದೇ ಬಗೆಯ ನಿರೋಧಗಳಾದಕಾರಣ, ತಾಳ್ಮೆಯುಳ್ಳ ಕಳ್ಳನಿಗೆ ಅದು ದೊಡ್ಡ ತಡೆಯಾಗಲಿಲ್ಲ. ತೊಂಬತ್ತರ ದಶಕದಲ್ಲಿ ಯೂರೋಪಿನಲ್ಲಿ ಕಾರುಗಳ್ಳತನವು ಮೇರೆಮೀರಿದಾಗ ರೇಡಿಯೊ ಮೂಲಕ ಉತ್ತರ ಕೊಡುವ ಟ್ರಾನ್ಸ್‌ಪಾಂಡರ್ ಎಂಬ ಸೂಕ್ಷ್ಮಯಂತ್ರವು ಕೈಯ ತಲೆಯೊಳಗೆ ಬಂದು ಕುಳಿತಿತು. 1998ರ ಅಕ್ಟೋಬರಿನಿಂದ ಅಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಇಮ್ಮೊಬಿಲೈಸರ್ ಕಡ್ಡಾಯವಾಯಿತು. ನಮ್ಮಲ್ಲಿ ಮಾರುತಿ ಸಂಸ್ಥೆಯು ಐಕ್ಯಾಟ್ಸ್ ಎಂಬ ಹೆಸರಿನಿಂದ ಅದನ್ನು ಮನೆಮನೆಗೂ ತಂದಿತು. ಇಂತಹ ಬೀಗವಿಲ್ಲದಿದ್ದರೆ ಏನಾಗುವುದೆಂಬುದನ್ನು ಅರಿಯಬೇಕಾದವರು ಅಮೆರಿಕದಲ್ಲಿ ಈಚೆಗೆ ನಡೆದುದನ್ನು ನೋಡಬಹುದು: ಅಲ್ಲಿ ಇಮ್ಮೊಬಿಲೈಸರ್ ಇಲ್ಲದೆ ಮಾರಾಟವಾಗಿದ್ದ ಕಿಯಾ ಮತ್ತು ಹುಂಡೈ ಕಾರುಗಳನ್ನು 2021ರಿಂದ ಮುಂದಕ್ಕೆ ಎಳೆಯ ಹುಡುಗರು ಆಟವೆಂಬಂತೆ ಕದ್ದೋಡಿಸತೊಡಗಿದರು.

ಬ್ಯಾಟರಿಯಿಲ್ಲದ ಈ ಚಿಪ್ಪಿಗೆ ಪ್ರಾಣವೆಲ್ಲಿಂದ ಬರುತ್ತದೆಂಬುದೇ ಇಲ್ಲಿನ ಅತಿ ಸೊಗಸಾದ ಭಾಗ. 1831ರ ಆಗಸ್ಟ್ 29ರಂದು ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯು ಕಬ್ಬಿಣದ ಉಂಗುರವೊಂದರ ಎರಡು ಪಕ್ಕಗಳಿಗೆ ಎರಡು ತಂತಿಗಳನ್ನು ಬೇರೆಬೇರೆಯಾಗಿ ಸುತ್ತಿ, ಒಂದು ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸುವಾಗಲೂ ನಿಲ್ಲಿಸುವಾಗಲೂ, ಅದನ್ನು ಮುಟ್ಟದೆಯೇ ಇರುವ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತು ಸ್ಫುರಿಸುವುದನ್ನು ಕಂಡನು. ಮಂಡ್ಯ ಜಿಲ್ಲೆಯವರಿಗೆ ಈ ತತ್ತ್ವವು ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಬಲವು ಕೋಲಾರದ ಚಿನ್ನದ ಗಣಿಗಳವರೆಗೆ ಹೋದುದು ಇದೇ ತತ್ತ್ವವನ್ನವಲಂಬಿಸಿದ ಯಂತ್ರಗಳಿಂದ, ಮತ್ತು ಹೊಲದಂಚಿನ ಕಂಬದ ಮೇಲೆ ಕುಳಿತು ಪಂಪುಸೆಟ್ಟಿಗೆ ವಿದ್ಯುತ್ತನ್ನೀಯುವ, ರೈತರು ಟಿ.ಸಿ. ಎಂದು ಕರೆಯುವ ಪೆಟ್ಟಿಗೆಯೊಳಗಿರುವುದೂ ಪರಸ್ಪರ ಸ್ಪರ್ಶವಿಲ್ಲದ ಎರಡು ಸುರುಳಿಗಳೇ. ಕಾರಿನಲ್ಲಿ ಮೊದಲನೆಯ ಸುರುಳಿಯು ಬೀಗದ ಬಾಯನ್ನು ಬಳೆಯಂತೆ ಆವರಿಸಿಕೊಂಡಿರುತ್ತದೆ. ಎರಡನೆಯದು, ಕೂದಲಿನಷ್ಟು ನವುರಾದ ತಾಮ್ರದ ಎಳೆಯಿಂದಾದುದು, ಕೈಯ ತಲೆಯ ಪ್ಲಾಸ್ಟಿಕ್ಕಿನೊಳಗಿರುತ್ತದೆ. ಬಳೆಯಲ್ಲಿ ಸೆಕೆಂಡಿಗೆ ಸುಮಾರು 1,25,000 ಸಲ ಹಿಂದುಮುಂದಾಗಿ ಕಂಪಿಸುವ ವಿದ್ಯುತ್ತು ಹರಿದೊಡನೆ ಒಳಗಿನ ಎಳೆಯಲ್ಲಿಯೂ ವಿದ್ಯುತ್ತು ಹುಟ್ಟಿ, ನಿದ್ರಿಸುತ್ತಿದ್ದ ಚಿಪ್ಪು ಎಚ್ಚರುತ್ತದೆ. ಆಗ ಕಾರು ಯಾದೃಚ್ಛಿಕವಾದ ಒಂದು ಸಂಖ್ಯೆಯನ್ನು ಅದಕ್ಕೆ ಕಳುಹಿಸುತ್ತದೆ; ಚಿಪ್ಪು ತನ್ನಲ್ಲಿರುವ ಗುಪ್ತಸಂಖ್ಯೆಯೊಡನೆ ಅದನ್ನು ಬೆರಸಿ ಲೆಕ್ಕಮಾಡಿ ಉತ್ತರವನ್ನು ಹಿಂದಿರುಗಿಸುತ್ತದೆ; ಕಾರೂ ಅದೇ ಲೆಕ್ಕವನ್ನು ತಾನು ಮಾಡಿನೋಡಿ, ಎರಡೂ ಒಂದೇ ಆದರೆ ಮಾತ್ರ ಇಂಧನಕ್ಕೆ ದಾರಿಬಿಡುತ್ತದೆ. ಗುಪ್ತಸಂಖ್ಯೆಯು ಎಂದೂ ಹೊರಗೆ ಕಾಣಿಸಿಕೊಳ್ಳುವುದಿಲ್ಲ, ಪ್ರಶ್ನೆಯು ಪ್ರತಿಸಲವೂ ಬೇರೆ. ಆದಕಾರಣ ನಿನ್ನೆಯ ಉತ್ತರವನ್ನು ಕದ್ದು ಕೇಳಿಸಿಕೊಂಡವನಿಗೆ ಇಂದು ಅದರಿಂದ ಪ್ರಯೋಜನವಿಲ್ಲ.

ಈಗ, ಈ ಎರಡನೆಯ ಬೀಗವನ್ನು ಭೇದಿಸದೆಯೇ ದಾಟುವ ಉಪಾಯವೊಂದರ, ಎಂದರೆ ತಲೆಗೆ ತಂತಿ ಸುತ್ತಿದ ಕೈಯ, ವಿಷಯಕ್ಕೆ ಬರೋಣ. ಹಿಮ ಸುರಿಯುವ ದೇಶಗಳಲ್ಲಿ ಮನೆಯೊಳಗಿದ್ದುಕೊಂಡೇ ಗುಂಡಿಯೊತ್ತಿ ಎಂಜಿನನ್ನು ಚಾಲೂ ಮಾಡಿ, ಕಾರು ಬೆಚ್ಚಗಾದಮೇಲೆ ಹೊರಡುವ ರೂಢಿಯುಂಟು. ಕಾರ್ಖಾನೆಯು ಕೊಡದ ಈ ಸೌಕರ್ಯವನ್ನು ಹೊರಗಿನಿಂದ ಜೋಡಿಸುವವರಿಗೆ ಇಮ್ಮೊಬಿಲೈಸರು ದೊಡ್ಡ ವಿಘ್ನವಾಯಿತು. ಏಕೆಂದರೆ ಕೈಯು ಮನೆಯಲ್ಲಿದೆ, ಪ್ರಶ್ನೆಯು ಕಾರಿನಲ್ಲಿದೆ. ಅವರು ಕಂಡುಕೊಂಡ ಉಪಾಯವು ಫ್ಯಾರಡೆಗೆ ಮೆಚ್ಚುಗೆಯಾಗುತ್ತಿತ್ತೆಂದು ನನ್ನ ನಂಬಿಕೆ. ಒಡೆಯನ ಬಳಿಯಿರುವ ಎರಡನೆಯ ಕೈಯನ್ನು ಇಸಿದುಕೊಂಡು, ಅದರ ತಲೆಗೆ ತಾಮ್ರದ ತಂತಿಯನ್ನು ಹಲವು ಸುತ್ತು ಸುತ್ತಿ, ಅದೇ ತಂತಿಯ ಮುಂದುವರಿಕೆಯನ್ನು ಬೀಗದ ಬಾಯಿಯ ಬಳೆಯ ಪಕ್ಕಕ್ಕೆ ಇನ್ನೊಂದು ಸುರುಳಿಯಾಗಿ ತಂದು, ಆ ಕೈಯನ್ನು ಫಲಕದ ಹಿಂದೆ ಎಲ್ಲಿಯೋ ಅಡಗಿಸಿಡುವುದು. ಬಳೆಯ ಕಂಪನವು ಹತ್ತಿರದ ಸುರುಳಿಗೆ ಹತ್ತಿ, ತಂತಿಗುಂಟ ಹರಿದು, ದೂರದಲ್ಲಿ ಬಚ್ಚಿಟ್ಟ ಚಿಪ್ಪನ್ನು ಎಬ್ಬಿಸುತ್ತದೆ. ಉತ್ತರವೂ ಅದೇ ಮಾರ್ಗವಾಗಿ ಮರಳುತ್ತದೆ.

ಇಲ್ಲಿ ಯಾವ ರಹಸ್ಯವೂ ಭೇದಿಸಲ್ಪಟ್ಟಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಪ್ರಶ್ನೆಯು ನಿಜವಾದುದು, ಉತ್ತರ ಕೊಟ್ಟ ಚಿಪ್ಪು ಕಾರಿಗೆ ಪರಿಚಿತವಾದುದು. ಅದಿಲ್ಲದೆ ಬರಿಯ ತಂತಿಯಿಂದ ಏನೂ ಸಾಧ್ಯವಿಲ್ಲ. ಮಾಯವಾದುದು ಕೈಗೂ ಬೀಗಕ್ಕೂ ನಡುವಣ ದೂರವೊಂದೇ. ಕಾರು ಉತ್ತರದ ಸತ್ಯವನ್ನು ಪರೀಕ್ಷಿಸಿತೇ ಹೊರತು, ಉತ್ತರ ಕೊಟ್ಟ ಕೈಯು ಬೀಗದ ಬಾಯಲ್ಲಿಯೇ ಇದೆಯೇ ಎಂಬುದನ್ನು ಪರೀಕ್ಷಿಸಲಿಲ್ಲ. ಮಂದವಾದ ಕಾಂತಕ್ಷೇತ್ರವು ಕೆಲವು ಅಂಗುಲಗಳಾಚೆ ತಲುಪಲಾರದಾದ್ದರಿಂದ, ಉತ್ತರ ಬಂದಿತೆಂದರೆ ಕೈಯು ಸಮೀಪದಲ್ಲಿರಲೇಬೇಕೆಂದು ಅದನ್ನು ನಿರ್ಮಿಸಿದವರು ನಂಬಿದರು. ಗುಪ್ತಲಿಪಿಯಲ್ಲಿಯೂ ದೋಷಗಳು ಸಿಕ್ಕಿದುದುಂಟು: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಒಂದು ಚಿಪ್ಪಿನ ಗುಪ್ತಸಂಖ್ಯೆಯು 40 ದ್ವಿಮಾನಾಂಕಗಳದಾಗಿದ್ದು, ಸುಮಾರು ಒಂದು ಲಕ್ಷ ಕೋಟಿ ಸಾಧ್ಯತೆಗಳಿದ್ದರೂ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರು 2005ರಲ್ಲಿ ಅದನ್ನು ಭೇದಿಸಿ ತೋರಿಸಿದರು. ಆದರೆ ಅದಕ್ಕೆ ವಿದ್ವತ್ತೂ ಯಂತ್ರಬಲವೂ ಬೇಕಾಯಿತು; ಸಾಮೀಪ್ಯದ ನಂಬಿಕೆಯನ್ನು ಹುಸಿಮಾಡುವುದಕ್ಕೆ ಒಂದು ತಂತಿಯು ಸಾಕಾಯಿತು.

ಬೀಗದ ಬಾಯಿಯೇ ಇಲ್ಲದೆ ಗುಂಡಿಯೊತ್ತಿ ಹೊರಡುವ ಕಾರುಗಳಲ್ಲಿ ಇದೇ ನ್ಯೂನತೆಯು ದೊಡ್ಡದಾಗಿ ಕಾಣಿಸಿಕೊಂಡಿತು. ಜ್ಯೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದ ಮೂವರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಎಂಟು ತಯಾರಕರ ಹತ್ತು ಬಗೆಯ ಕಾರುಗಳನ್ನು, ದೂರದಲ್ಲಿದ್ದ ಕೈಯ ಸಂಕೇತವನ್ನು ಹಾಗೆಯೇ ಸಾಗಿಸಿ ತೆರೆದು ಓಡಿಸಬಹುದೆಂದು ತೋರಿಸಿದರು. ಒಡೆಯನು ಮನೆಯೊಳಗೆ ಮಲಗಿರುವಾಗ ಅಂಗಳದ ಕಾರು ಹೊರಟುಹೋಗುವ ಕಳ್ಳತನಗಳು ಈ ದಾರಿಯಲ್ಲಿಯೇ ನಡೆಯುತ್ತವೆ. ಇದಕ್ಕೆ ಪ್ರತಿಯಾಗಿ ಈಚಿನ ಕೆಲವು ಕಾರುಗಳು ಸಂಕೇತವು ಹೋಗಿಬರಲು ಹಿಡಿದ ಕಾಲವನ್ನೇ ಅಳೆಯುತ್ತವೆ. ರೇಡಿಯೊ ಅಲೆಯು ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಸುಮಾರು ಒಂದಡಿ ಮಾತ್ರ ಚಲಿಸಬಲ್ಲುದಾದ್ದರಿಂದ, ಎಂತಹ ಸಾಧನಕ್ಕೂ ದೂರವನ್ನು ಕಿರಿದಾಗಿ ತೋರಿಸಿ ಕಾರನ್ನು ವಂಚಿಸುವುದು ಬಹಳ ಕಷ್ಟ.

ತಂತಿ ಸುತ್ತಿದ ಕೈಯಿಂದ ಒದಗುವ ಅಪಾಯವು ಒಡೆಯನು ತಾನಾಗಿ ತಂದುಕೊಳ್ಳುವಂತಹುದು. ಪ್ರಾಮಾಣಿಕರಾದ ಕೆಲಸಗಾರರು ಆ ತಂತಿಯ ನಡುವೆ ರಿಲೇ ಎಂಬ ಕೊಂಡಿಯನ್ನಿಟ್ಟು, ಒಡೆಯನ ಗುಂಡಿಯು ಒತ್ತಲ್ಪಟ್ಟಾಗ ಮಾತ್ರ ಸುತ್ತು ಪೂರ್ಣವಾಗುವಂತೆ ಮಾಡುತ್ತಾರೆ. ಆದರೆ ಕೊಂಡಿಯಿಲ್ಲದೆ ಸದಾ ಜೋಡಿಸಿಟ್ಟರೆ, ಅಥವಾ ಕಳಪೆ ಚಿಪ್ಪಿನ ತೊಂದರೆಗೆ ಬೇಸತ್ತು, ಹೊಸ ಕೈಯ ಖರ್ಚಿಗೆ ಅಂಜಿ, ಹಳೆಯ ಚಿಪ್ಪನ್ನೇ ಸ್ಟಿಯರಿಂಗಿನ ಕೆಳಗೆ ಅಂಟಿಸಿಬಿಟ್ಟರೆ, ಎರಡನೆಯ ಬೀಗವು ಹಗಲಿರುಳೂ ತೆರೆದೇ ಇರುತ್ತದೆ; ಜೋಡಿಬೀಗದ ಎರಡು ಕೈಗಳಲ್ಲೊಂದನ್ನು ಖಜಾನೆಯ ಬಾಗಿಲಿಗೇ ತೂಗುಹಾಕಿ ಮನೆಗೆ ಹೋದಂತೆ. ಆಮೇಲೆ ಉಳಿಯುವುದು ಲೋಹದ ಹಲ್ಲುಗಳ ಹಳೆಯ ಬೀಗವೊಂದೇ, ಮತ್ತು ಅದನ್ನು ಗೆಲ್ಲುವುದು ಕಳ್ಳರಿಗೆ ಎಂದೂ ಕಷ್ಟವಾಗಿರಲಿಲ್ಲ. ಕಾರು ಕಳುವಾದಾಗ ವಿಮೆಯವರು ಸಾಮಾನ್ಯವಾಗಿ ಎರಡು ಕೈಗಳನ್ನೂ ಒಪ್ಪಿಸಬೇಕೆಂದು ಕೇಳುತ್ತಾರೆ. ಒಂದು ಕಾರಿನೊಳಗೇ ಇದ್ದು ಅದರೊಡನೆಯೇ ಹೋಯಿತೆಂದರೆ ಪರಿಹಾರವು ತಕರಾರಿಗೆ ಬೀಳುವ ಸಂಭವವುಂಟು.

ಬಿಂಡಿಗನವಿಲೆಯ ಹೋಬಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹಳೆಯ ಕಾರನ್ನು ಕೊಳ್ಳುವವರು ಎಂಜಿನು, ಟೈರು, ಕಾಗದಪತ್ರಗಳನ್ನು ನೋಡುವಂತೆಯೇ ಎರಡು ಕೈಗಳನ್ನೂ ಕೇಳಿ ಪಡೆದು, ಎರಡರಿಂದಲೂ ಎಂಜಿನು ನಡೆಯುವುದೆಂದು ನೋಡಿಕೊಳ್ಳತಕ್ಕದ್ದು. ಎರಡನೆಯದು ಕಳೆದುಹೋಗಿದೆಯೆಂದು ಮಾರುವವನು ಹೇಳಿದರೆ, ನಂಬಿಕೆಯುಳ್ಳ ಕೆಲಸಗಾರನಿಂದ ಸ್ಟಿಯರಿಂಗಿನ ಕೆಳಗಣ ಮುಚ್ಚಳವನ್ನು ಬಿಚ್ಚಿಸಿ ನೋಡುವುದು ಲೇಸು. ಅಲ್ಲಿ ಕೈಯಾಗಲಿ ತಂತಿಯ ಸುರುಳಿಯಾಗಲಿ ಸಿಕ್ಕಿದರೆ ಅದನ್ನು ತೆಗೆಸಿ, ಅಧಿಕೃತ ಕೇಂದ್ರದಲ್ಲಿ ಹಳೆಯ ಚಿಪ್ಪುಗಳ ಗುರುತನ್ನೆಲ್ಲ ಕಾರಿನ ನೆನಪಿನಿಂದ ಅಳಿಸಿ, ತಮ್ಮ ಕೈಗಳನ್ನು ಮಾತ್ರ ಹೊಸದಾಗಿ ಪರಿಚಯಿಸಬೇಕೆಂದು ಕೇಳಬಹುದು. ಹಾಗೆ ಮಾಡಿಸಿದ ಮೇಲೆ ಹಿಂದಿನ ಒಡೆಯನಲ್ಲಿ ಉಳಿದುಹೋದ ಕೈಯು ಹಲ್ಲುಗಳಿಂದ ಬಾಗಿಲನ್ನು ತೆರೆದೀತೇ ಹೊರತು ಎಂಜಿನನ್ನು ನಡೆಸಲಾರದು.